ಒಂಬತ್ತು ವರ್ಷದ ತೋಟದ ನಾಯಿಯನ್ನು ಮೂರನೇ ಮಹಡಿಯ ಫ್ಲ್ಯಾಟಿಗೆ ತರಬಹುದೇ?

ಹಾಳೆಟೋಪಿ (ಮಾರ್ಚ್ 2)

ಪ್ರಶ್ನೆ ಮೇಲೇ ಇದೆ. ಆದರೆ ನಾಯಿ ಎಂಥದ್ದು ಅಂತ ಗೊತ್ತಿಲ್ಲದೆ ನೀವು ಉತ್ತರ ಹೇಳೋದು ಕಷ್ಟ. ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುವ ಒಂಟಿ ಮನೆ. ಎರಡೂವರೆ ಎಕರೆ ಅಡಿಕೆ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಅಮ್ಮನಿಗೆ 74. ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಓಡಾಡಲು ಹಾಕಿದ್ದ ಅಡಿಕೆ ದಬ್ಬೆಯಿಂದ ಕಾಲು ಒಂದಿಷ್ಟು ಆಚೆ ಇಟ್ಟು, ಪಾಚಿಗೆ ಜಾರಿ ಬಲಗೈ ಮಣಿಕಟ್ಟು ಮುರ್ಕೊಂಡರು. ಪಟ್ಟಿ ಬಿಚ್ಚಿದ ಮೇಲೂ ಕೊಡಪಾನ ಎತ್ತಲು ಆಗುತ್ತಿಲ್ಲ. ಮುಂದಿನ ಮಳೆಗಾಲ ಅಲ್ಲಿ ಒಬ್ಬರೇ ಇರುವುದು ಬೇಡ, ಬೆಂಗಳೂರಿಗೆ ಬನ್ನಿ ಅಂದೆ. ಅದಕ್ಕೆ ಅವರು ಹೇಳಿದ್ದು: "ಬರ್ತೆ ಮಾರಾಯ. ಪಾರ್ಸೆಲ್ಲನ್ನ ಬಿಟ್ಟು ಮಾತ್ರ ಬರದಿಲ್ಲ."

ಪಾರ್ಸೆಲ್ ಅಂದರೆ ನಾಯಿ. ಒಂಬತ್ತು ವರ್ಷದ ಹಿಂದೆ ಜೂನ್ ಮಳೆಯಲ್ಲಿ ನಮ್ಮೂರ ಪೋಸ್ಟಣ್ಣ ಮೋರಿ ಕೆಳಗೆ ಕುಂಯ್‌ಗುಡುತ್ತಿದ್ದ ಮರಿಯನ್ನು ಚೀಲದೊಳಗೆ ಹಾಕಿಕೊಂಡು ಬಂದು ಜಗಲಿ ಮೇಲೆ ಇಳಿಸಿದ್ದ. ಅಪ್ಪ ಕನ್ನಡಕ ಮೇಲೆ ಮಾಡಿ "ಸೈನ್ ಎಲ್ಲಿ ಹಾಕ್ಬೇಕಾ?" ಅಂತ ಕೇಳಿದರು. ಹೆಸರು ಅಲ್ಲೇ ಬಿತ್ತು.

ನೋಡಲು ಎರಡು ನಾಯಿ ಸೇರಿಸಿ ಹೊಲಿದ ಹಾಗಿದ್ದಾನೆ. ಕುತ್ತಿಗೆಯಿಂದ ಮೇಲೆ ಅಪ್ಪಟ ನಾಟಿ: ಕಂದು ಮುಖ, ಚೂಪು ಮೂತಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಪುಸ್ತಕದ ಹಾಳೆ ಮಡಚಿಟ್ಟ ಹಾಗೆ. ಕುತ್ತಿಗೆಯಿಂದ ಕೆಳಗೆ ಡ್ಯಾಷ್‌ಹೌಂಡ್. ಮೈ ಉದ್ದ, ಕಾಲು ಒಂದು ಗೇಣು, ಮುಂಗಾಲು ಎರಡೂ ಸೊಟ್ಟ. ಬಾಲ ಮತ್ತೆ ನಾಟಿ, ಚಕ್ಕುಲಿ ಸುತ್ತಿದ ಹಾಗೆ. ಗುಡ್ಡದ ಮೇಲಿನ ಎಸ್ಟೇಟಿನಲ್ಲಿ ಆಗ ಒಂದು ಡ್ಯಾಷ್ ಇತ್ತು, ಉಳಿದದ್ದು ನೀವೇ ಊಹಿಸಿಕೊಳ್ಳಿ. ಮಳೆಗಾಲದಲ್ಲಿ ಹೊಟ್ಟೆ ಕೆಸರಿಗೆ ತಾಗಿ ಅರ್ಧ ಮೈ ಒಂದು ಬಣ್ಣ, ಅರ್ಧ ಇನ್ನೊಂದು. ಮನೆಗೆ ಬಂದವರೊಬ್ಬರು "ಇದು ಜಾತಿ ನಾಯಿಯೋ ಕಂತ್ರಿಯೋ?" ಅಂತ ಕೇಳಿದ್ದಕ್ಕೆ ಅಮ್ಮ ಕಾಫಿ ಲೋಟ ಇಡುತ್ತಾ, "ಅವನ ಜಾತಕ ನಮ್ಮ ಹತ್ರ ಇಲ್ಲ. ನಿಮ್ಮದು ಇದ್ಯ?" ಅಂದಿದ್ದರು. ಅವರು ಆಮೇಲೆ ಬಂದಿಲ್ಲ.

ಬೆಳಗ್ಗೆ ನಾಲ್ಕೂವರೆಗೆ ಅಮ್ಮ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾರೆ. ಇವನು ರಾತ್ರಿ ಮಲಗುವುದೇ ಅದರ ಬೂದಿ ಪಕ್ಕ, ಹಾಗಾಗಿ ಅಮ್ಮ ಬಂದಾಗ ಎದ್ದು ಜಾಗ ಬಿಡಬೇಕು. ಏಳುವುದಿಲ್ಲ. ಅಮ್ಮ ಸೌದೆಯಿಂದ ಮೆಲ್ಲಗೆ ತಳ್ಳಿದರೆ ಉದ್ದ ಮೈಯ ಮುಂದಿನ ಅರ್ಧ ಮಾತ್ರ ಸರಿಸುತ್ತಾನೆ. ಊಟ ಅಡಿಕೆ ಹಾಳೆಯಲ್ಲಿ. ಸ್ಟೀಲ್ ತಟ್ಟೆ ಇಟ್ಟರೆ ಅದು ನೆಲಕ್ಕೆ ಕೆರೆಯುವ ಸದ್ದಿಗೆ ಹೆದರಿ ಉಪವಾಸ ಕೂರುತ್ತಾನೆ. ಮಜ್ಜಿಗೆ ಅನ್ನ ಆಗುತ್ತದೆ, ಕಡುಬು ಅಂದರೆ ಪ್ರಾಣ.

ಕೆಲಸ ಮಂಗ ಓಡಿಸುವುದು. ಬಾಳೆಗೊನೆಗೆ ಮಂಗ ಬಂದರೆ ತುಂಡು ತುಂಡು ಬೊಗಳು, ಜನ ಬಂದರೆ ಎಳೆದು ಬೊಗಳುತ್ತಾನೆ. ಹಾವು ಕಂಡರೆ ಬೊಗಳುವುದೇ ಇಲ್ಲ, ಸೆಟೆದು ನಿಂತು ಮೂಗಲ್ಲಿ ಕುಂಯ್ ಅನ್ನುತ್ತಾನೆ, ಅಮ್ಮ ಟಾರ್ಚ್ ತರುತ್ತಾರೆ. ಕಾಡುಹಂದಿ ಬಂದ ರಾತ್ರಿ ಮಾತ್ರ ಯಾವ ಸದ್ದೂ ಇಲ್ಲ. ಸೀದಾ ಬಂದು ಅಮ್ಮನ ಸೀರೆ ನೆರಿಗೆ ಹಿಂದೆ ನಿಲ್ಲುತ್ತಾನೆ. ದೀಪಾವಳಿಗೆ ಅಂಟಿಗೆ-ಪಂಟಿಗೆಯವರು ಬಂದು ಪದ ಶುರು ಮಾಡಿದರೆ ಇವನೂ ಕತ್ತೆತ್ತಿ ಊಳಿಡುತ್ತಾನೆ. ಈಗೀಗ ಅವರೇ ಒಂದು ಸೊಲ್ಲು ಇವನಿಗೆ ಬಿಟ್ಟುಕೊಡುತ್ತಾರೆ.

ಕುತ್ತಿಗೆಗೆ ಒಂದು ದಿನ ಬೆಲ್ಟ್ ಹಾಕಿಲ್ಲ. ಲಸಿಕೆಗೆ ಹೋಗಿದ್ದು ಬಿಟ್ಟರೆ ಕಾರು ಹತ್ತಿಲ್ಲ. ನಮ್ಮ ಫ್ಲ್ಯಾಟು ಎರಡು ಬೆಡ್‌ರೂಮಿನದು, ಕೆಳಗಿಳಿದರೆ ಸಿಮೆಂಟು. ನಾನೂ ಹೆಂಡತಿಯೂ ಹಗಲು ಕೆಲಸಕ್ಕೆ ಹೋಗುವವರು. ನಮ್ಮ ತೋಟದ ಕೆಲಸಕ್ಕೆ ಬರುವ ಕುಟುಂಬದವರು, ಗದ್ದೆ ಬದಿ ಮನೆಯವರು, "ಇಲ್ಲೇ ಬಿಡಿ, ನಾವು ನೋಡ್ಕತೀವಿ" ಅಂತಿದ್ದಾರೆ. ನನಗೆ ಅದೇ ಸರಿ ಅನಿಸುತ್ತಿದೆ. ತೋಟದ ನಾಯಿ ತೋಟದಲ್ಲಿರಲಿ ಅಂತ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಅಮ್ಮ ಎರಡು ದಿನ ಫೋನ್ ಎತ್ತಲಿಲ್ಲ.

ಅನುಭವ ಇದ್ದವರು ಹೇಳಿ. ಆಗುತ್ತಾ ಇದು?

ಮೂರನೇ ಅಡ್ಡರಸ್ತೆ (ಮಾರ್ಚ್ 2)

ತನ್ನಿ. ನಾಯಿಗಿಂತ ಮೊದಲು ನಿಮ್ಮ ಅಸೋಸಿಯೇಷನ್ ಬೊಗಳುತ್ತದೆ, ಅದಕ್ಕೆ ತಯಾರಾಗಿ. ನಮ್ಮ ಬಿಲ್ಡಿಂಗಿನಲ್ಲಿ "ನಾಯಿಗೆ ಲಿಫ್ಟ್ ಇಲ್ಲ" ಅಂತ ಬೋರ್ಡ್ ಹಾಕಿದ್ದರು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಿಂಟ್ ತೆಗೆದು ಕೊಟ್ಟೆ. ಬಹುಮತ ಇದ್ದರೂ ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ, ಲಿಫ್ಟ್ ಬೇಡ ಅನ್ನುವ ಹಾಗಿಲ್ಲ, ಅದಕ್ಕೆ ಬೇರೆ ಚಾರ್ಜ್ ಹಾಕುವ ಹಾಗೂ ಇಲ್ಲ ಅಂತ ಅದರಲ್ಲಿದೆ. ಬೋರ್ಡ್ ಹೋಯ್ತು. ನಾಲ್ಕು ಜನ ಮಾತು ಬಿಟ್ಟರು, ಅದು ಲಾಭವೇ.

ಲಸಿಕೆ ಕಾರ್ಡ್ ಇದೆಯಾ? ಇಲ್ಲದಿದ್ದರೆ ಮಾಡಿಸಿ. ನಗರದಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಮತ್ತೆ ಕಕ್ಕ ಎತ್ತಲು ಹಳೇ ಪೇಪರ್ ಇಟ್ಟುಕೊಳ್ಳಿ, ಜಗಳದಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ಖಟಕ ರೊಟ್ಟಿ (ಮಾರ್ಚ್ 3)

ಅಣ್ಣಾರ, ನಂದು ಸ್ವಲ್ಪ ಬ್ಯಾರೆ ಅನುಭವ ಐತಿ, ಕೇಳ್ರಿ.

ನಮ್ಮ ನಾಯಿ ಮುಧೋಳ ಕ್ರಾಸ್. ಅವ್ವ ಮುಧೋಳ, ಅಪ್ಪ ಯಾರಂತ ಊರಿಗೇ ಗೊತ್ತಿಲ್ಲ. ಊರಾಗ ಹೊಲದ ಮನ್ಯಾಗಿತ್ತು. ನಾನು ಹುಬ್ಬಳ್ಯಾಗ ಮನಿ ಕಟ್ಟಿಸಿದ ಮ್ಯಾಲೆ ದೊಡ್ಡ ಅಂಗಳ ಐತಿ ಅಂತ ನಾಯಿ ಕರಕೊಂಡು ಬಂದೆ. ಅಪ್ಪಾರು ಊರಾಗ ಉಳದ್ರು. ಆರು ದಿನ ರೊಟ್ಟಿ ಮುಟ್ಟಲಿಲ್ರಿ. ನೀರು ಅಷ್ಟ. ಗೇಟಿನ ಸಂದ್ಯಾಗ ಮೂತಿ ಇಟ್ಟು ಮಕ್ಕೊಂಡಿರ್ತಿತ್ತು. ಏಳನೇ ದಿನ ಗಾಡಿ ಹತ್ತಿಸಿ ವಾಪಸ್ ಬಿಟ್ಟು ಬಂದೆ. ಅಪ್ಪಾರು ಕಟ್ಟಿ ಮ್ಯಾಲೆ ಕುಂತಿದ್ರು, ಕೆಮ್ಮಿದ್ರು. ಆ ಕೆಮ್ಮು ಕೇಳಿ ಗಾಡಿ ನಿಲ್ಲೂದ್ರಾಗ ಕಿಡಕ್ಯಾಗಿಂದ ಹಾರಿತು.

ನಾ ಆವಾಗ ಹೊಲ ಬಿಟ್ಟು ಇರಾಂಗಿಲ್ಲ ಅಂತ ತಿಳಕೊಂಡಿದ್ದೆ. ತಪ್ಪು. ನಿಮ್ಮ ನಾಯಿ ಯಾರಿಗೆ ಹಚ್ಚಿಕೊಂಡೈತಿ, ಜಾಗಕ್ಕೋ ಅವ್ವಾರಿಗೋ, ಅದನ್ನ ಮೊದಲ ನೋಡ್ರಿ.

ಮತ್ತ ಒಂದು ಮಾತು. ನಮ್ಮ ಮುಧೋಳದ್ದು ಅಂಚೆ ಚೀಟಿ 2005ರಾಗ ಬಂದೈತಿ. ನಿಮ್ಮದು ಪಾರ್ಸೆಲ್ ಅಂತೀರಿ, ಚೀಟಿನ ಇಲ್ಲಲ್ರಿ!

ನಿವೃತ್ತ ಗೋವೈದ್ಯ (ಮಾರ್ಚ್ 3)

ಮೂವತ್ತೊಂದು ವರ್ಷ ಮಲೆನಾಡಿನ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು. ನಿಮ್ಮ ಪಾರ್ಸೆಲ್ಲಿನಂಥವನ್ನು ಹತ್ತಾರು ನೋಡಿದ್ದೇನೆ. ಎಸ್ಟೇಟಿನ ಒಂದು ಡ್ಯಾಷ್ ಸಾಕು, ಸುತ್ತ ಮೂರು ಊರಲ್ಲಿ ಗಿಡ್ಡ ಕಾಲಿನವು ಹುಟ್ಟುತ್ತವೆ. ಅದಕ್ಕೆ ಕಾರಣ ಇದೆ. ಗಿಡ್ಡ ಕಾಲು ತರುವ ವಂಶವಾಹಿ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಕಾಲು ಗಿಡ್ಡವಾಗುತ್ತದೆ. 2009ರಲ್ಲಿ ಇದನ್ನು ಪತ್ತೆ ಮಾಡಿದರು. ಅದರದೇ ಇನ್ನೊಂದು ಪ್ರತಿ ಬೆನ್ನುಮೂಳೆಯ ನಡುವಿನ ಮೆತ್ತೆಗಳನ್ನು ಸಣ್ಣ ವಯಸ್ಸಿಗೇ ಗಟ್ಟಿ ಮಾಡಿಬಿಡುತ್ತದೆ ಅಂತ 2017ರಲ್ಲಿ ಗೊತ್ತಾಯಿತು. ನಿಮಗೆ ಮುಖ್ಯವಾದದ್ದು ಇದು ಎರಡನೆಯದು.

ನಿಮ್ಮ ಫ್ಲ್ಯಾಟಿನಲ್ಲಿ ನನಗೆ ಹೆದರಿಕೆ ಇರುವುದು ಸಿಮೆಂಟಿನದ್ದಲ್ಲ, ಮೆಟ್ಟಿಲಿನದ್ದು ಮತ್ತು ನುಣುಪು ಟೈಲ್ಸಿನದ್ದು. ಉದ್ದ ಬೆನ್ನಿನ ನಾಯಿ ಸೋಫಾದಿಂದ ಹಾರಿದಾಗಲೋ ಟೈಲ್ಸ್ ಮೇಲೆ ಹಿಂಗಾಲು ಜಾರಿದಾಗಲೋ ಮೆತ್ತೆ ಒಡೆದು ನರಕ್ಕೆ ಒತ್ತಿದರೆ ಹಿಂದಿನ ಕಾಲೇ ಹೋಗಬಹುದು. ಓಡಾಡುವ ದಾರಿಗೆ ಗೋಣಿಯೋ ಚಾಪೆಯೋ ಹಾಸಿ. ಲಿಫ್ಟ್ ಕೆಟ್ಟ ದಿನ ಎತ್ತಿಕೊಂಡೇ ಇಳಿಸಬೇಕು. ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಬೆನ್ನು ನೇರ. ನಿಮ್ಮ ತಾಯಿಯ ಕೈ ಮುರಿದು ಕೂಡಿದ್ದು, ಅವರು ಎತ್ತುವುದು ಬೇಡ. ಪಕ್ಕೆಲುಬು ಬೆರಳಿಗೆ ಸಿಗುವಷ್ಟು ತೆಳ್ಳಗಿರಲಿ. ಅಂದರೆ ಕಡುಬು ಕಡಿಮೆ ಮಾಡಬೇಕು, ಈ ಮಾತನ್ನು ಅಮ್ಮನಿಗೆ ನೀವೇ ಹೇಳಿ. ನಡೆಯುವಾಗ ಹಿಂಗಾಲು ತೂರಾಡಿದರೆ, ಪಾದ ಮಡಚಿ ಎಳೆದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಬರುವ ಮೊದಲು ಉಣುಗು ತೆಗೆಸಿ. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾಗಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಈಗಿನ ತಿಂಗಳುಗಳೇ ಅದರ ಕಾಲ. ಕಾಡಂಚಿಗೆ ಮಂಗ ಓಡಿಸಲು ಹೋಗುವ ನಾಯಿ ಮೈಮೇಲೆ ಉಣುಗು ಹೊತ್ತು ಮನೆಗೆ ತರುತ್ತದೆ. ತಿಂಗಳಿಗೊಮ್ಮೆ ಕೊಡುವ ಮಾತ್ರೆ ಇದೆ, ತೂಕ ನೋಡಿ ಬರೆಸಿಕೊಳ್ಳಿ. ಬೆರಳಿನಲ್ಲಿ ಹಿಸುಕಬೇಡಿ. ಒಂದು ಸಲ ರಕ್ತ ಪರೀಕ್ಷೆಯೂ ಆಗಲಿ, ಉಣುಗಿನಿಂದ ನಾಯಿಗೇ ಬರುವ ಜ್ವರ ಬೇರೆ ಇದೆ.

ಬೆಲ್ಟಿನ ಬದಲು ಎದೆಗೆ ಹಾಕುವ ಪಟ್ಟಿ ತನ್ನಿ. ಅದನ್ನು ಈಗಲೇ, ಊರಲ್ಲೇ, ಊಟದ ಹೊತ್ತಿಗೆ ಐದೈದು ನಿಮಿಷ ಹಾಕಿ ರೂಢಿ ಮಾಡಿಸಿ.

ಇಷ್ಟೆಲ್ಲ ಆದಮೇಲೆ, ಹುಬ್ಬಳ್ಳಿಯವರು ಕೇಳಿದ ಪ್ರಶ್ನೆಯೇ ಸರಿಯಾದದ್ದು. ನೀವು ಮಗ, ಹಬ್ಬಕ್ಕೆ ಬರುವವರು. ನೀವು ಬಂದ ದಿನದ ನಾಯಿಯನ್ನಷ್ಟೇ ನೀವು ನೋಡಿರುತ್ತೀರಿ. ಮೂರು ದಿನ ರಜೆ ಹಾಕಿ ಹೋಗಿ, ಯಾವ ಹೊತ್ತಿಗೆ ಅದು ಎಲ್ಲಿರುತ್ತದೆ ಅಂತ ಬರೆದುಕೊಳ್ಳಿ. ಒಂದು ದಿನ ತಾಯಿಯನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗಿ, ಆಗ ಅದು ಏನು ಮಾಡುತ್ತದೆ ನೋಡಿಸಿ. ಆಮೇಲೆ ಮಾತಾಡೋಣ.

ಹಾಳೆಟೋಪಿ (ಮಾರ್ಚ್ 17)

"ಹಬ್ಬಕ್ಕೆ ಬರುವವರು" ಅನ್ನೋ ಮಾತು ಸ್ವಲ್ಪ ಚುಚ್ಚಿತು ಸಾರ್, ಆದರೆ ಹೋಗಿ ಬಂದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗಂಟೆ ಹಾಕಿ ಬರೆದಿದ್ದೇನೆ, ಹೆಂಡತಿ ನಗುತ್ತಿದ್ದಾಳೆ.

ಮೊದಲ ದಿನವೇ ಒಂದು ವಿಷಯ. ಬೆಳಗ್ಗೆ 10.50ಕ್ಕೆ ನಾಯಿ ಮಾಯ. 11.30ಕ್ಕೆ ವಾಪಸ್. ಎಲ್ಲಿಗೆ ಅಂತ ಕೇಳಿದರೆ ಅಮ್ಮ, "ತೋಟ ಸುತ್ತಕ್ಕೆ. ಮಂಗ ಕಾಯದು ಅವನಲ್ದೆ ಇನ್ಯಾರು?" ಅಂದರು. ಎರಡನೇ ದಿನ ಹಿಂದೆಯೇ ಹೋದೆ. ತೋಟದ ಕಡೆ ತಿರುಗಿಯೂ ನೋಡಲಿಲ್ಲ. ಹಳ್ಳದ ಸಂಕ ದಾಟಿದ, ಹೊಟ್ಟೆ ಮರಕ್ಕೆ ಉಜ್ಜುತ್ತಿತ್ತು. ಸೀದಾ ಗದ್ದೆ ಬದಿ ಮನೆಯ ಹಿಂಬಾಗಿಲು. ಒಳಗಿಂದ ಒಂದು ಹುಡುಗಿಯ ದನಿ, "ಬಂದ್ಯಾ ರಾಜ?" ಅಂತ.

ರಾಜ! ಅರ್ಧ ಅಕ್ಕಿ ರೊಟ್ಟಿ, ಮೇಲೆ ಸ್ವಲ್ಪ ಒಣಮೀನು. ತಿಂದು, ಅವಳ ಕೈಯಿಂದ ತಲೆ ಕೆರೆಸಿಕೊಂಡು, ಅಲ್ಲೇ ಬಾವಿಕಟ್ಟೆ ನೆರಳಲ್ಲಿ ಹತ್ತು ನಿಮಿಷ ಮಲಗಿ ಹೊರಟ. ರಜೆ ದಿನ ಹುಡುಗಿ, ಬೇರೆ ದಿನ ಅವಳ ಅಜ್ಜಿ ಕೊಡುತ್ತಾರಂತೆ. ಏಳು ವರ್ಷದಿಂದ ನಡೆದಿದೆ. ನನ್ನನ್ನು ನೋಡಿ ಅವಳು, "ನಿಮ್ಮನೇಲಿ ಇವನಿಗೆ ಪಾರ್ಸೆಲ್ ಅಂತಾರಂತೆ, ಅದೂ ಒಂದು ಹೆಸರಾ?" ಅಂತ ಕೇಳಿದಳು. ಒಣಮೀನಿನ ವಿಚಾರ ಅಮ್ಮನಿಗೆ ಹೇಳಿಲ್ಲ. ಗೊತ್ತಿರಲೂಬಹುದು, ಮಧ್ಯಾಹ್ನ ಅವನ ಬಾಯಿ ಹತ್ತಿರ ಬಂದರೆ ಸೆರಗು ಮುಚ್ಚಿಕೊಳ್ಳುತ್ತಾರೆ.

ಉಳಿದ ಹೊತ್ತೆಲ್ಲ ನೋಟ್‌ಬುಕ್ಕಿನಲ್ಲಿ ಒಂದೇ ಥರ ಇದೆ. 6.15 ಕೊಟ್ಟಿಗೆ ಬಾಗಿಲು, ಅಮ್ಮ ಒಳಗೆ. 8.00 ಅಡುಗೆಮನೆ ಹೊಸ್ತಿಲಾಚೆ, ಅಮ್ಮ ಒಳಗೆ. 2.10 ಅಮ್ಮ ಚಾಪೆ ಮೇಲೆ, ಇವನು ಕೋಣೆ ಬಾಗಿಲಿಗೆ ಅಡ್ಡ, ಆ ಉದ್ದ ಮೈ ಪಟ್ಟಿಯಿಂದ ಪಟ್ಟಿಗೆ ಸರಿಯಾಗಿ ಕೂರುತ್ತದೆ. ನಾನು ದಾಟಲು ಕಾಲೆತ್ತಿದರೆ ಒಂದು ಕಣ್ಣು ತೆರೆಯುತ್ತಿದ್ದ.

ಮೂರನೇ ದಿನ ಅಮ್ಮನ ಕೈ ತೋರಿಸಲು ತೀರ್ಥಹಳ್ಳಿಗೆ ಹೋದೆವು. ನೋಡಿಕೊಳ್ಳಲು ಗದ್ದೆ ಬದಿಯವರಿಗೆ ಹೇಳಿದ್ದೆ. ಒಂಬತ್ತಕ್ಕೆ ಹೊರಟು ಮೂರೂಕಾಲಿಗೆ ಬಂದೆವು. ಜಗಲಿ ಮೇಲೆ ಅಮ್ಮನ ಹವಾಯಿ ಚಪ್ಪಲಿ ಪಕ್ಕ ಕೂತಿದ್ದ. ಆ ಹುಡುಗಿ ಅಂಗಳದ ತುದಿಯಲ್ಲಿ ರೊಟ್ಟಿ ಹಿಡಿದುಕೊಂಡು ನಿಂತಿದ್ದಳು. "ಇವತ್ತು ಬರ್ಲೇ ಇಲ್ಲ. ನಾನೇ ತಂದೆ. ಮೂಸಿಯೂ ನೋಡ್ಲಿಲ್ಲ" ಅಂದಳು.

ಕರೆದುಕೊಂಡು ಬರುತ್ತೇನೆ. ಏಪ್ರಿಲ್ ಮೊದಲ ವಾರ, ಮೊದಲು ಹದಿನೈದು ದಿನ ನೋಡಲು. ಆ ಹುಡುಗಿಗೆ ಏನು ಹೇಳುವುದು ಅಂತ ಮಾತ್ರ ಗೊತ್ತಾಗಿಲ್ಲ, ಗೊತ್ತಿದ್ದವರು ಹೇಳಿ.

ಬಾಲ್ಕನಿ ತುಳಸಿ (ಮಾರ್ಚ್ 17)

ಹುಡುಗಿಗೆ ಸುಳ್ಳು ಹೇಳಬೇಡಿ ಅಣ್ಣ. ಅವಳ ಮನೆಯಲ್ಲಿ ಯಾರದ್ದಾದರೂ ಫೋನ್ ಇರುತ್ತಲ್ಲ, ವಿಡಿಯೋ ಕಾಲ್ ಮಾಡಿಸಿ. ನಾಯಿಗೆ ಏನೂ ಅರ್ಥ ಆಗಲ್ಲ, ಅವಳಿಗೆ ಆಗುತ್ತೆ.

ನಾನು ಸಕಲೇಶಪುರದಿಂದ ನಮ್ಮ ಹೆಣ್ಣುನಾಯಿಯನ್ನ ಬೆಂಗಳೂರಿಗೆ ತಂದವಳು. ಒಂದೇ ಒಂದು ಸಲಹೆ: ನಿಮ್ಮ ಅಂಗಳದ ಮಣ್ಣು ಒಂದು ಚೀಲ ತನ್ನಿ. ನಗಬೇಡಿ. ಹುಟ್ಟಿದಾಗಿನಿಂದ ಮಣ್ಣು, ತರಗೆಲೆ ಮೇಲೆ ಕಾಲೆತ್ತಿದ ನಾಯಿಗೆ ಟೈಲ್ಸ್ ಅಂದರೆ ಮನೆಯೊಳಗೆ ಅಂತ ಲೆಕ್ಕ, ಅಲ್ಲಿ ಮಾಡಬಾರದು ಅಂತ ಅದು ಕಲಿತಿರುತ್ತೆ. ನಮ್ಮದು ಒಂದೂವರೆ ದಿನ ಕಟ್ಟಿಕೊಂಡು ಕೂತಿತ್ತು, ಅದರ ಸಂಕಟ ನೋಡಲಾರದೆ ನಾನು ಅತ್ತಿದ್ದೆ. ದೊಡ್ಡ ಟ್ರೇನಲ್ಲಿ ಮಣ್ಣು ಹಾಕಿ ಬಾಲ್ಕನಿ ಮೂಲೆಗೆ ಇಡಿ. ಆಮೇಲೆ ರಸ್ತೆ ಬದಿ ಹೊಂಗೆ ಮರದ ಬುಡ ಕಲಿಯುತ್ತೆ.

ಹಾಳೆಯನ್ನೂ ಒಂದು ಕಟ್ಟು ತನ್ನಿ. ಸ್ಟೀಲ್ ತಟ್ಟೆ ಪಾಠ ಹೇಳಿಕೊಡೋ ಕಾಲ ಇದಲ್ಲ. ಮತ್ತೆ ಪಾಯಸದ ದ್ರಾಕ್ಷಿ ಅಕಸ್ಮಾತ್ತೂ ಹಾಕಬೇಡಿ, ನಾಯಿ ಕಿಡ್ನಿಗೆ ವಿಷ ಅದು. ನಮ್ಮತ್ತೆಗೆ ಇದನ್ನ ಹೇಳಿ ಹೇಳಿ ಸಾಕಾಯ್ತು.

ಹಾಳೆಟೋಪಿ (ಏಪ್ರಿಲ್ 18)

ಬಂದು ಹನ್ನೆರಡು ದಿನ. ವರದಿ ಒಪ್ಪಿಸುತ್ತಿದ್ದೇನೆ.

ಬಿಸಿಲು ಏರುವ ಮೊದಲು ದೂರ ಹೋಗೋಣ ಅಂತ ಬೆಳಗಿನ ನಾಲ್ಕಕ್ಕೆ ಹೊರಟೆವು. ಹೊಟ್ಟೆ ಖಾಲಿ ಇತ್ತು, ಆದರೂ ಮಂಡಗದ್ದೆ ತಿರುವುಗಳಲ್ಲಿ ಹಳದಿ ನೀರು ವಾಂತಿ ಮಾಡಿದ. ಶಿವಮೊಗ್ಗ ದಾಟಿದ ಮೇಲೆ ಅಮ್ಮನ ಚಪ್ಪಲಿ ಮೇಲೆ ಗದ್ದ ಇಟ್ಟು ನಿದ್ದೆ. ತರೀಕೆರೆಯಲ್ಲಿ ನಿಲ್ಲಿಸಿದೆವು, ನೀರು ಮುಟ್ಟಲಿಲ್ಲ. ಅರಸೀಕೆರೆಯಲ್ಲಿ ಅಮ್ಮ ಹಾಳೆ ಬಿಚ್ಚಿ ಅದರಲ್ಲಿ ನೀರು ಹಾಕಿದರು, ಗಟಗಟ ಕುಡಿದ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಲಾರಿಯವರು ಪೂರ್ತಿ ನಾಯಿ ನೋಡಲು ಎರಡು ಸಲ ಕಣ್ಣು ಓಡಿಸಿದರು.

ಬಾಲ್ಕನಿ ತುಳಸಿಯವರಿಗೆ ಅಡ್ಡಬಿದ್ದೆ. ಮನೆ ತಲುಪಿ ಹತ್ತೊಂಬತ್ತು ಗಂಟೆ ಆಗಿತ್ತು, ಹೊಟ್ಟೆ ಬಿಗಿದುಕೊಂಡು ಬಾಗಿಲಿಂದ ಬಾಗಿಲಿಗೆ ಓಡಾಡುತ್ತಿದ್ದ. ಚೀಲ ಕೊಡವಿದೆ. ಮಣ್ಣಿನ ಜೊತೆ ಒಂದು ಒಣ ಅಡಿಕೆ ಸಿಪ್ಪೆ ಬಿತ್ತು. ಮೂಸಿದ, ಮತ್ತೆ ಮೂಸಿದ, ಕಾಲೆತ್ತಿದ. ಅಮ್ಮ ಬಾಲ್ಕನಿಯಲ್ಲಿ ನಿಂತು ಕೈ ಮುಗಿದರು, ಎದುರು ಫ್ಲ್ಯಾಟಿನವರು ಸೂರ್ಯನಿಗೆ ಅಂದುಕೊಂಡಿರಬೇಕು.

ಊಟ ಆಗುತ್ತಿದೆ. ಮಿಕ್ಸಿ ಸದ್ದಿಗೆ ಮಂಚದ ಕೆಳಗೆ. ದಾರಿಯುದ್ದಕ್ಕೂ ಗೋಣಿ ಹಾಸಿ ನಮ್ಮ ಮನೆ ಅಡಿಕೆ ಮಂಡಿ ಥರ ಆಗಿದೆ. ತೂಕ 13 ಕೆಜಿ ಬಂತು, ಎರಡು ಕೆಜಿ ಇಳಿಸಿ ಅಂದಿದ್ದಾರೆ, ಅಮ್ಮ ತಕ್ಕಡಿ ಸರಿ ಇಲ್ಲ ಅಂತಾರೆ. ವಿಡಿಯೋ ಕಾಲಿನಲ್ಲಿ ಹುಡುಗಿ "ರಾಜಾ" ಅಂತ ಕೂಗಿದಾಗ ನೆಟ್ಟಗಿರುವ ಕಿವಿ ತಿರುಗಿತು. ಫೋನ್ ಹಿಂದೆ ಹೋಗಿ ನೋಡಿದ, ಯಾರೂ ಇಲ್ಲ. ಆಮೇಲೆ ಅವಳು ತುಂಬ ಹೊತ್ತು ಮಾತಾಡಲಿಲ್ಲ. ರಜೆಯಲ್ಲಿ ಕರೆದುಕೊಂಡು ಬರುತ್ತೇನೆ ಅಂದಿದ್ದೇನೆ, ನಾಯಿಯನ್ನೋ ಅವಳನ್ನೋ ಇನ್ನೂ ತೀರ್ಮಾನ ಆಗಿಲ್ಲ.

ನಾಲ್ಕೂವರೆಗೆ ಅಮ್ಮ ಏಳುವುದು ತಪ್ಪಿಲ್ಲ. ಹಾಕಲು ಬೆಂಕಿ ಇಲ್ಲ, ಗೀಸರ್ ಸ್ವಿಚ್ ಒತ್ತುತ್ತಾರೆ. ಮೊದಲ ಮೂರು ದಿನ ಅವನು ಬಚ್ಚಲು ಪೂರ್ತಿ ಮೂಸಿ ಒಲೆ ಹುಡುಕಿದ. ಈಗ ಅಮ್ಮ ಬಚ್ಚಲ ಬಾಗಿಲಿಗೆ ಅವನ ಗೋಣಿ ಹಾಕಿದ್ದಾರೆ. ಸ್ನಾನಕ್ಕೆ ಹೋಗುವವರೆಲ್ಲ ಅವನನ್ನು ಕೇಳಿಯೇ ಹೋಗಬೇಕು, ಮುಂದಿನ ಅರ್ಧ ಮಾತ್ರ ಸರಿಸುತ್ತಾನೆ.

ಒಂದೇ ತೊಂದರೆ ಉಳಿದಿರುವುದು ಲಿಫ್ಟ್. ಹತ್ತುವುದೇನೋ ಹತ್ತುತ್ತಾನೆ. ಒಳಗೆ ನೆಲದಿಂದ ಮೇಲಿನವರೆಗೆ ಕನ್ನಡಿ. ಅದರಲ್ಲಿರುವ ಗಿಡ್ಡ ಕಾಲಿನ ನಾಯಿಯನ್ನು ಕಂಡರೆ ಆಗುವುದಿಲ್ಲ. ಮಂಗನಿಗೆ ಬೊಗಳುವ ಬೊಗಳು, ತುಂಡು ತುಂಡು, ಮೂರು ಮಹಡಿಯೂ. ಎರಡನೇ ಮಹಡಿಯವರು ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದಾರೆ. ಏನು ಮಾಡಲಿ?

ಮೂರನೇ ಅಡ್ಡರಸ್ತೆ (ಏಪ್ರಿಲ್ 18)

ಕನ್ನಡಿಯ ಕೆಳಗಿನ ಎರಡು ಅಡಿಗೆ ಪೇಪರ್ ಅಂಟಿಸಿ. ಅಸೋಸಿಯೇಷನ್ ಕೇಳಿದರೆ ಬೇರೆ ಯಾರಿಗೂ ಅಷ್ಟು ಕೆಳಗೆ ಮುಖ ಇಲ್ಲ ಅನ್ನಿ.